ತಲೆಬರಹದ ನಂಬರನ್ನು ಯಾರು ಎಣಿಸಬೇಕು?

ಕತೆ, ಕವನ, ವಿಮರ್ಶೆಗಳ ನಡುವೆ ಇಂಥದೊಂದು ಲೇಖನ ಯಾಕಪ್ಪಾ ಎಂದು ಕೆಲವರಾದರೂ ಹುಬ್ಬೇರಿಸಬಹುದು. ಕಾರಣ ಸರಳವಾಗಿದೆ. ಕನ್ನಡ ಓದುವ ನಾವು ಬರೆಯಬೇಕಾದ ಪ್ರಾಜೆಕ್ಟು, ಕಿರುಪ್ರಬಂಧ, ನಿಬಂಧ ಎಲ್ಲವೂ ಈಗ ಕಂಪ್ಯೂಟರಿನಲ್ಲೇ ಹುಟ್ಟಿ ಅಲ್ಲೇ ಬೆಳೆಯುತ್ತವೆ. ವಿಷಯ ಹೇಳಿಕೊಡಲು ಗುರುಗಳಿದ್ದಾರೆ, ಪುಸ್ತಕ ಕೊಡಲು ಗ್ರಂಥಾಲಯಗಳಿವೆ. ಆದರೆ ಬರೆದದ್ದನ್ನು ಅಧ್ಯಾಯ, ಭಾಗ, ಉಪಭಾಗ ಎಂದು ಜೋಡಿಸಿ ಅವಕ್ಕೆ ನಂಬರು ಹಾಕುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. "ಅದರಲ್ಲೇನುಂಟು, ಒಂದು ಎರಡು ಅಂತ ಬರಕೊಂಡು ಹೋದ್ರಾಯ್ತು" ಎಂಬ ಧೈರ್ಯ ಎಲ್ಲರಿಗೂ.

ನಾನಿರುವುದು ಠಾಣೆಯ ನೌಪಾಡಾದಲ್ಲಿ. ಇಲ್ಲಿ ಝೆರಾಕ್ಸು, ಟೈಪಿಂಗು, ಬೈಂಡಿಂಗು ಅಂಗಡಿಗಳಿಗೆ ಬರವಿಲ್ಲ. ಮರಾಠಿ, ಹಿಂದಿ, ಇಂಗ್ಲಿಷ್ ಯಾವುದನ್ನೇ ಕೊಡಿ, ಸಂಜೆಯೊಳಗೆ ರಟ್ಟು ಹಾಕಿ ಕೈಗಿಡುತ್ತಾರೆ. ಕನ್ನಡದ ಹಾಳೆ ಕೊಟ್ಟರೆ ಪುಟ ತಿರುವಿ ಹಾಕಿ "ಹೇ ಕಾಯ್, ತೆಲುಗೂ ಕಾ?" ಎಂದು ಕೇಳುತ್ತಾರೆ. ಅದು ಅವರ ತಪ್ಪಲ್ಲ ಬಿಡಿ. ಆದರೆ ಅದರ ಪರಿಣಾಮವನ್ನು ನಾವು ತಿಳಿದಿರಬೇಕು. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಆದರೆ ಡಿಟಿಪಿ ಮಾಡುವವರೇ ಓದಿ, "ಏನ್ರೀ, ಈ ಹೆಡಿಂಗು ಎರಡನೇ ಅಧ್ಯಾಯದ್ದಲ್ವಾ?" ಎಂದು ಕೇಳಿಯಾರು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯಲ್ಲಿ ಕನ್ನಡದ ವಿದ್ಯಾರ್ಥಿಗೆ ಆ ಎರಡನೆಯ ಜೋಡಿ ಕಣ್ಣು ಸಿಗುವುದಿಲ್ಲ. ಬರೆಯುವವರೂ ನಾವೇ, ಟೈಪಿಸ್ಟರೂ ನಾವೇ, ಕರಡು ತಿದ್ದುವವರೂ ನಾವೇ.

ಆದ್ದರಿಂದ ಈ ಲೇಖನ. ನಾನು ಹೇಳಹೊರಟಿರುವುದು ಒಂದೇ ಮಾತು. ಬರೆಯುತ್ತಿರುವಷ್ಟು ದಿನವೂ ನಂಬರು ಎನ್ನುವುದು ತಲೆಬರಹದ ಭಾಗವಲ್ಲ, ಆ ತಲೆಬರಹ ನಿಂತಿರುವ ಜಾಗದ ಲೆಕ್ಕ. ಲೆಕ್ಕವನ್ನು ಯಂತ್ರಕ್ಕೆ ಬಿಡಬೇಕು. ಬರಹ ಒಮ್ಮೆ ಹೊರಬಿದ್ದ ಮೇಲೆ ಅದೇ ನಂಬರು ವಿಳಾಸವಾಗುತ್ತದೆ. ಆಮೇಲೆ ಅದನ್ನು ಮುಟ್ಟಬಾರದು.

1. ಕೈಯಿಂದ ಹಾಕಿದ ನಂಬರು

ನಮ್ಮ ಬಳಗದ ಗೆಳತಿಯೊಬ್ಬಳು ಎಂ.ಎ.ಗಾಗಿ ಮುಂಬಯಿಯ ಕನ್ನಡ ಕಥನಸಾಹಿತ್ಯದ ಮೇಲೆ ಕಿರುಪ್ರಬಂಧ ಬರೆದಳು. ಮೊದಲ ಅಧ್ಯಾಯ ಪೀಠಿಕೆ, ಎರಡನೆಯದು ವ್ಯಾಸರಾಯ ಬಲ್ಲಾಳ, ಮೂರನೆಯದು ಯಶವಂತ ಚಿತ್ತಾಲ, ನಾಲ್ಕನೆಯದು ಜಯಂತ ಕಾಯ್ಕಿಣಿ, ಐದನೆಯದು ಸಮಾರೋಪ. 1979ರಲ್ಲಿ ಬಂದ ಚಿತ್ತಾಲರ 'ಶಿಕಾರಿ'ಯ ಚರ್ಚೆ 3.2ರಲ್ಲಿತ್ತು. ಕಾಯ್ಕಿಣಿಯವರ ಕತೆಗಳ ಬಗ್ಗೆ ಬರೆಯುವಾಗ ಆಕೆ "3.2ರಲ್ಲಿ ನೋಡಿದ ನಾಗಪ್ಪನ ಒಂಟಿತನಕ್ಕೂ ಇದಕ್ಕೂ ವ್ಯತ್ಯಾಸವಿದೆ" ಎಂದು ಬರೆದಿದ್ದಳು. ಒಳ್ಳೆಯ ಮಾತೇ.

ಕೊಡಬೇಕಾದ ದಿನಕ್ಕೆ ವಾರವಿದ್ದಾಗ ಮಾರ್ಗದರ್ಶಕರು, ಊರು ಬಿಟ್ಟು ಮುಂಬಯಿಗೆ ಬಂದವರ ಚರಿತ್ರೆ ಪೀಠಿಕೆಯಲ್ಲಿ ತೀರ ಇಕ್ಕಟ್ಟಾಗಿದೆ, ಅದನ್ನೇ ಪ್ರತ್ಯೇಕ ಅಧ್ಯಾಯ ಮಾಡಮ್ಮಾ ಎಂದರು. ಸಲಹೆ ಸರಿಯಾದದ್ದೇ. ಆದರೆ ಹೊಸ ಎರಡನೆಯ ಅಧ್ಯಾಯ ಒಳಗೆ ಬಂದೊಡನೆ ಬಲ್ಲಾಳರು ಮೂರಾದರು, ಚಿತ್ತಾಲರು ನಾಲ್ಕಾದರು, ಕಾಯ್ಕಿಣಿಯವರು ಐದಾದರು. ಎರಡು ರಾತ್ರಿ ಕೂತು ಆಕೆ ನಲವತ್ತು ಚಿಲ್ಲರೆ ತಲೆಬರಹಗಳ ನಂಬರು ತಿದ್ದಿದಳು, ಪರಿವಿಡಿಯನ್ನೂ ತಿದ್ದಿದಳು. ಮಾತಿನ ನಡುವೆ ಅಲ್ಲೊಂದು ಇಲ್ಲೊಂದು ಕೂತಿದ್ದ "3.2ರಲ್ಲಿ ನೋಡಿದ" ಎಂಬಂಥವು ಮಾತ್ರ ಹಾಗೇ ಉಳಿದವು. ಸಂದರ್ಶನದ ದಿನ ಪರೀಕ್ಷಕರು ಆ ಸಾಲು ಓದಿ 3.2 ತೆಗೆದು ನೋಡಿದರು. ಅಲ್ಲಿ ನಾಗಪ್ಪ ಇರಲಿಲ್ಲ, ಬಲ್ಲಾಳರ 'ಬಂಡಾಯ' ಇತ್ತು. "ಇದನ್ನು ನೀವೇ ಬರೆದಿರೇನಮ್ಮಾ?" ಎಂಬ ಪ್ರಶ್ನೆ ಬಂತು.

ಆಕೆಯೇ ಬರೆದದ್ದು, ಪ್ರತಿಯೊಂದು ಸಾಲೂ. ಆದರೆ ಹಾಳೆಯ ಮೇಲಿನ ಸಾಕ್ಷಿ ಬೇರೆ ಹೇಳುತ್ತಿತ್ತು. ನಂಬರು ತಪ್ಪಿದರೆ ಓದುವವರಿಗೆ ಅದು ಎಣಿಕೆಯ ತಪ್ಪಾಗಿ ಕಾಣುವುದಿಲ್ಲ. ಬರೆದವರಿಗೇ ತಮ್ಮ ಬರಹ ಗೊತ್ತಿಲ್ಲ ಎಂಬಂತೆ ಕಾಣುತ್ತದೆ.

ಸೈಕ್ಲೋಸ್ಟೈಲಿನ ಕಾಲದಲ್ಲಿ ಇದಕ್ಕೆ ಬೇರೆ ಉಪಾಯವೇ ಇರಲಿಲ್ಲ. ಸ್ಟೆನ್ಸಿಲ್ಲಿನ ಮೇಲೆ ಒಮ್ಮೆ ಕೊರೆದದ್ದನ್ನು ತಿದ್ದಬೇಕಾದರೆ ತಿದ್ದುವ ದ್ರವ ಹಚ್ಚಿ, ಒಣಗಿಸಿ, ಅದರ ಮೇಲೆ ಮತ್ತೆ ಕೊರೆಯಬೇಕು. ಅಧ್ಯಾಯ ನಡುವೆ ಸೇರಿದರೆ ಮುಂದಿನ ಸ್ಟೆನ್ಸಿಲ್ಲುಗಳೆಲ್ಲ ಹೊಸದಾಗಿ ಆಗಬೇಕು. ಆಗ ಜನ ಮೊದಲು ಕಾಗದದ ಮೇಲೆ ಎಲ್ಲವನ್ನೂ ಗಟ್ಟಿ ಮಾಡಿಕೊಂಡೇ ಯಂತ್ರದ ಮುಂದೆ ಕೂರುತ್ತಿದ್ದರು. ಈಗ ನಾವು ಯಂತ್ರದ ಮುಂದೆ ಕೂತೇ ಯೋಚಿಸುತ್ತೇವೆ. ಯೋಚನೆ ದಿನಕ್ಕೊಮ್ಮೆ ಬದಲಾಗುತ್ತದೆ, ನಂಬರು ಮಾತ್ರ ಸ್ಟೆನ್ಸಿಲ್ಲಿನ ಕಾಲದಂತೆ ಕೈಯಿಂದ! ತೊಂದರೆ ಇರುವುದು ಈ ಹೊಂದಾಣಿಕೆ ಇಲ್ಲದಿರುವಿಕೆಯಲ್ಲಿ.

2. ಪರ್ವ, ಸಂಧಿ, ಪದ್ಯ

1, 1.1, 1.1.1 ಎಂಬ ಈ ಕ್ರಮ ಕಂಪ್ಯೂಟರಿನವರು ತಂದ ಹೊಸ ಶಾಸ್ತ್ರ ಎಂದು ಹೆದರಬೇಕಾಗಿಲ್ಲ. ಕನ್ನಡದ ವಿದ್ಯಾರ್ಥಿಗೆ ಇದು ಹಳೆಯ ಪರಿಚಯ. ಕುಮಾರವ್ಯಾಸನ ಭಾರತದಲ್ಲಿ ಹತ್ತು ಪರ್ವಗಳಿವೆ, ಪರ್ವದೊಳಗೆ ಸಂಧಿಗಳು, ಸಂಧಿಯೊಳಗೆ ಪದ್ಯಗಳು. ಒಂದು ಪದ್ಯವನ್ನು ಹೇಳಬೇಕಾದರೆ ಇಂಥ ಪರ್ವ, ಇಷ್ಟನೆಯ ಸಂಧಿ, ಇಷ್ಟನೆಯ ಪದ್ಯ ಎನ್ನುತ್ತೇವೆ. ಇದು ಮೂರು ಹಂತದ ನಂಬರಿಂಗೇ ಅಲ್ಲವೇ?

ಇಲ್ಲಿ ಎರಡು ಸಂಗತಿ ಗಮನಿಸಿ. ಮೊದಲನೆಯದು, ಹೊಸ ಸಂಧಿ ಬಂದಾಗ ಪದ್ಯದ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಮೇಲಿನ ಹಂತ ಒಂದು ಹೆಜ್ಜೆ ಮುಂದಿಟ್ಟರೆ ಕೆಳಗಿನ ಹಂತ ಹಿಂದಿನದನ್ನು ಮರೆತು ಒಂದಕ್ಕೆ ಬರುತ್ತದೆ. ಎರಡನೆಯದು, ಬರಿ "ಐದನೆಯ ಪದ್ಯ" ಎಂದರೆ ಏನೂ ತಿಳಿಯುವುದಿಲ್ಲ, ಅದರ ಹಿಂದೆ ಸಂಧಿಯೂ ಪರ್ವವೂ ಬರಬೇಕು. ಅಂದರೆ ಕೆಳಗಿನ ಹಂತದ ನಂಬರು ತನ್ನ ಮೇಲಿನವರ ನಂಬರನ್ನೂ ಹೊತ್ತು ನಡೆಯಬೇಕು. ತಲೆಬರಹದ ನಂಬರಿಂಗ್ ಎಂದರೆ ಈ ಎರಡು ನಿಯಮಗಳೇ. ಯಂತ್ರಕ್ಕೆ ನಾವು ಹೇಳಿಕೊಡಬೇಕಾದದ್ದೂ ಇವೆರಡನ್ನೇ.

ಚುಕ್ಕಿ ಎಲ್ಲಿಡಬೇಕು ಎಂಬುದಕ್ಕೂ ಒಂದು ಅಂತರರಾಷ್ಟ್ರೀಯ ಕಟ್ಟಳೆ ಉಂಟು. 1978ರ ಐಎಸ್‌ಒ 2145 ಎಂಬ ಮಾನಕದ ಪ್ರಕಾರ ಹಂತ ಮತ್ತು ಹಂತದ ನಡುವೆ ಚುಕ್ಕಿ ಬರುತ್ತದೆ, ಕೊನೆಯ ಅಂಕಿಯ ಮುಂದೆ ಬರುವುದಿಲ್ಲ. 2.1 ಸರಿ, 2.1. ಬೇಡ. ನಿಮ್ಮ ವಿಭಾಗದವರು ಬೇರೆ ರೀತಿ ಕೇಳಿದರೆ ಅವರು ಹೇಳಿದಂತೆಯೇ ಮಾಡಿ. ಆದರೆ ಒಂದೇ ಪ್ರಬಂಧದಲ್ಲಿ ಎರಡೂ ಬೆರೆಯಬಾರದು.

3. ಯಂತ್ರಕ್ಕೆ ಹೇಳುವುದು ಹೇಗೆ

ಎಲ್ಲಕ್ಕಿಂತ ಮೊದಲು ಯಂತ್ರಕ್ಕೆ ತಿಳಿಯಬೇಕಾದದ್ದು ಯಾವುದು ತಲೆಬರಹ ಎಂಬುದು. ನಾವು ಸಾಮಾನ್ಯವಾಗಿ ಮಾಡುವುದೇನು? ಒಂದು ಸಾಲನ್ನು ದಪ್ಪ ಮಾಡಿ, ಅಕ್ಷರ ದೊಡ್ಡದು ಮಾಡಿ, ನಡುವಿಗೆ ತಂದು ಬಿಡುತ್ತೇವೆ. ನಮ್ಮ ಕಣ್ಣಿಗೆ ಅದು ತಲೆಬರಹ. ಯಂತ್ರದ ಪಾಲಿಗೆ ಅದು ದಪ್ಪಗಾದ ಒಂದು ಮಾಮೂಲಿ ಸಾಲು, ಅಷ್ಟೆ. ಅದಕ್ಕೆ ಅದು ನಂಬರನ್ನೂ ಹಾಕದು, ಪರಿವಿಡಿಯಲ್ಲೂ ಸೇರಿಸದು. ತಲೆಬರಹ ಎಂದು ಗುರುತು ಹಚ್ಚುವುದಕ್ಕೆ 'ಸ್ಟೈಲ್' ಎನ್ನುತ್ತಾರೆ. ಅಧ್ಯಾಯದ ಹೆಸರಿಗೆ 'ಹೆಡಿಂಗ್ 1', ಅದರ ಒಳಭಾಗಕ್ಕೆ 'ಹೆಡಿಂಗ್ 2', ಅದರೊಳಗಿನದಕ್ಕೆ 'ಹೆಡಿಂಗ್ 3'. ಪರ್ವ, ಸಂಧಿ, ಪದ್ಯ ಎಂದು ನೆನಪಿಟ್ಟರೆ ಸಾಕು.

3.1 ಮೈಕ್ರೋಸಾಫ್ಟ್ ವರ್ಡ್‌ನಲ್ಲಿ

ತಲೆಬರಹದ ಸಾಲಿನಲ್ಲಿ ಕರ್ಸರ್ ಇಟ್ಟು, ಮೇಲೆ 'ಹೋಮ್' ಪಟ್ಟಿಯಲ್ಲಿ 'ಸ್ಟೈಲ್ಸ್' ಸಾಲಿನಿಂದ 'ಹೆಡಿಂಗ್ 1' ಒತ್ತಿ. ಕೈ ಬೇಗ ಓಡಬೇಕೆಂದರೆ ಕಂಟ್ರೋಲ್, ಆಲ್ಟ್ ಮತ್ತು 1 ಒಟ್ಟಿಗೆ ಒತ್ತಿದರೂ ಆಯಿತು. ಉಳಿದ ಹಂತಗಳಿಗೆ 2 ಮತ್ತು 3. ಇಡೀ ಪ್ರಬಂಧಕ್ಕೆ ಹೀಗೆ ಗುರುತು ಹಚ್ಚಿ ಮುಗಿಸಿ. ಕೈಯಿಂದ ಮೊದಲೇ ಬರೆದ ನಂಬರುಗಳಿದ್ದರೆ ಅಳಿಸಿಬಿಡಿ, ಇಲ್ಲವಾದರೆ ಆಮೇಲೆ "1.1 1.1 ಬಾಲ್ಯ" ಎಂದು ಜೋಡಿ ನಂಬರು ಕಾಣಿಸುತ್ತದೆ.

ಈಗ ಯಾವುದಾದರೂ ಹೆಡಿಂಗ್ 1ರ ಮೇಲೆ ಕರ್ಸರ್ ಇಡಿ. 'ಹೋಮ್' ಪಟ್ಟಿಯಲ್ಲೇ ಚುಕ್ಕಿಪಟ್ಟಿ, ನಂಬರುಪಟ್ಟಿಗಳ ಪಕ್ಕದಲ್ಲಿ 'ಮಲ್ಟಿಲೆವೆಲ್ ಲಿಸ್ಟ್' ಎಂಬ ಗುಂಡಿ ಇದೆ. ಒತ್ತಿದರೆ ಕೆಲವು ಮಾದರಿಗಳು ಕಾಣುತ್ತವೆ. ಯಾವ ಮಾದರಿಯಲ್ಲಿ ನಂಬರಿನ ಪಕ್ಕ 'ಹೆಡಿಂಗ್ 1', 'ಹೆಡಿಂಗ್ 2' ಎಂದು ಬರೆದಿದೆಯೋ ಅದನ್ನೇ ಆರಿಸಿ. ಆ ಹೆಸರಿಲ್ಲದ ಮಾದರಿಗಳು ತಲೆಬರಹಕ್ಕೆ ಗಂಟು ಹಾಕಿಕೊಂಡಿರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ನಂಬರು ಬಂದಂತೆ ಕಾಣುತ್ತದೆ, ನಾಲ್ಕು ಪುಟ ಆದ ಮೇಲೆ ತನ್ನಿಷ್ಟಕ್ಕೆ ಎಣಿಸತೊಡಗುತ್ತದೆ.

ಸಿದ್ಧಮಾದರಿ ಬೇಡ, ನಮಗೆ ಬೇಕಾದಂತೆ ಮಾಡೋಣ ಎನ್ನುವವರು ಅದೇ ಗುಂಡಿಯ ಕೆಳಗಿನ 'ಡಿಫೈನ್ ನ್ಯೂ ಮಲ್ಟಿಲೆವೆಲ್ ಲಿಸ್ಟ್' ತೆರೆದು 'ಮೋರ್' ಒತ್ತಬೇಕು. ಎಡಗಡೆ 1ರಿಂದ 9ರ ತನಕ ಹಂತಗಳು ಕಾಣುತ್ತವೆ. 1 ಆರಿಸಿ, ಬಲಗಡೆ 'ಲಿಂಕ್ ಲೆವೆಲ್ ಟು ಸ್ಟೈಲ್' ಎಂಬಲ್ಲಿ ಹೆಡಿಂಗ್ 1 ಕೊಡಿ. 2ಕ್ಕೆ ಹೆಡಿಂಗ್ 2, 3ಕ್ಕೆ ಹೆಡಿಂಗ್ 3. ಇಡೀ ಕೆಲಸದ ಜೀವ ಈ ಗಂಟಿನಲ್ಲಿದೆ. ಕೆಳಗೆ 'ರೀಸ್ಟಾರ್ಟ್ ಲಿಸ್ಟ್ ಆಫ್ಟರ್' ಎಂದಿದೆ, ಎರಡನೆಯ ಹಂತದಲ್ಲಿ ಅಲ್ಲಿ ಗುರುತಿದ್ದು 'ಲೆವೆಲ್ 1' ಎಂದಿರಬೇಕು. ಹೊಸ ಸಂಧಿಗೆ ಪದ್ಯ ಒಂದರಿಂದ ಎಂಬ ನಮ್ಮ ಮೊದಲ ನಿಯಮ ಇದೇ. 'ಇನ್‌ಕ್ಲೂಡ್ ಲೆವೆಲ್ ನಂಬರ್ ಫ್ರಮ್' ಎಂಬುದು ಎರಡನೆಯ ನಿಯಮ, ಮೇಲಿನವರ ನಂಬರನ್ನು ಹೊತ್ತುಕೊಳ್ಳುವುದು.

ನಂಬರಿನ ರೂಪ ತೋರಿಸುವ ಚೌಕದಲ್ಲಿ ಬೂದುಬಣ್ಣದ ಅಂಕಿ ಇರುತ್ತದೆ. ಅದು ಯಂತ್ರ ಎಣಿಸುವ ಅಂಕಿ. ಅದನ್ನು ಅಳಿಸಿ ನೀವೇ 1 ಎಂದು ಟೈಪು ಮಾಡಿದರೆ ಎಲ್ಲ ಅಧ್ಯಾಯಗಳೂ 1 ಆಗುತ್ತವೆ. ಅದರ ಹಿಂದೆ ಮುಂದೆ ಏನು ಬೇಕಾದರೂ ಸೇರಿಸಬಹುದು, ಅದನ್ನು ಮಾತ್ರ ಮುಟ್ಟಬಾರದು.

3.2 ಲಿಬ್ರೆ ಆಫೀಸ್ ರೈಟರ್‌ನಲ್ಲಿ

ವರ್ಡಿಗೆ ದುಡ್ಡು ಕೊಡಲಾಗದವರಿಗೆ ಲಿಬ್ರೆ ಆಫೀಸ್ ಇದೆ, ಪುಕ್ಕಟೆ. ಈ ಕೆಲಸ ಅದರಲ್ಲಿ ಇನ್ನೂ ಸುಲಭ ಎಂದೇ ನನ್ನ ಅನುಭವ. ಕಂಟ್ರೋಲ್ ಮತ್ತು 1 ಒತ್ತಿದರೆ ಹೆಡಿಂಗ್ 1, ಹಾಗೆಯೇ 2, 3. ಆಮೇಲೆ 'ಟೂಲ್ಸ್' ಪಟ್ಟಿಯಲ್ಲಿ 'ಹೆಡಿಂಗ್ ನಂಬರಿಂಗ್' ತೆರೆಯಿರಿ. ಹಳೆಯ ಆವೃತ್ತಿಗಳಲ್ಲಿ ಇದಕ್ಕೆ 'ಚಾಪ್ಟರ್ ನಂಬರಿಂಗ್' ಎಂಬ ಹೆಸರು. ಇಲ್ಲಿ ಹಂತಕ್ಕೂ ಸ್ಟೈಲಿಗೂ ಗಂಟು ಮೊದಲೇ ಹಾಕಿರುತ್ತದೆ. ಹಂತ 1, 2, 3 ಒಂದೊಂದನ್ನೇ ಆರಿಸಿ 'ನಂಬರ್' ಎಂಬಲ್ಲಿ '1, 2, 3' ಎಂಬ ರೂಪ ಕೊಡಿ. ಎರಡನೆಯ ಹಂತಕ್ಕೆ 'ಶೋ ಸಬ್‌ಲೆವೆಲ್ಸ್' 2, ಮೂರನೆಯದಕ್ಕೆ 3. ಅಷ್ಟೇ, ಮುಗಿಯಿತು.

ಯಾವುದರಲ್ಲಿ ಮಾಡಿದರೂ ಒಂದು ಪರೀಕ್ಷೆ ಮಾಡಿ ನೋಡಿ. ನಡುವೆ ಎಲ್ಲಾದರೂ "ಪರೀಕ್ಷೆ" ಎಂದು ಒಂದು ಸಾಲು ಬರೆದು ಹೆಡಿಂಗ್ 1 ಕೊಡಿ. ಮುಂದಿನ ಅಧ್ಯಾಯಗಳೆಲ್ಲ ಒಂದೊಂದು ಮುಂದೆ ಸರಿಯಬೇಕು, ಅವುಗಳ ಒಳಭಾಗಗಳೂ ಜೊತೆಗೆ ಸರಿಯಬೇಕು. ಸಾಲನ್ನು ಅಳಿಸಿದರೆ ಹಿಂದಕ್ಕೆ ಬರಬೇಕು. ಬಂದರೆ ನೀವು ಗೆದ್ದಿರಿ. ವರ್ಡಿನ 'ನ್ಯಾವಿಗೇಷನ್ ಪೇನ್'ನಲ್ಲಿ ಒಂದು ತಲೆಬರಹವನ್ನು ಹಿಡಿದೆಳೆದು ಬೇರೆ ಕಡೆ ಬಿಟ್ಟರೆ ಅದರ ಕೆಳಗಿನ ಪುಟಗಳೂ ಜೊತೆಯಲ್ಲೇ ಹೋಗುತ್ತವೆ, ನಂಬರು ತಾನಾಗಿ ಬದಲಾಗುತ್ತದೆ. ಲಿಬ್ರೆ ಆಫೀಸಿನಲ್ಲಿ ಎಫ್5 ಒತ್ತಿದರೆ ಬರುವ 'ನ್ಯಾವಿಗೇಟರ್'ನಲ್ಲೂ ಇದು ಸಾಧ್ಯ. ಗೆಳತಿಯ ಎರಡು ರಾತ್ರಿಯ ಕೆಲಸ ಎರಡು ನಿಮಿಷದ್ದು.

4. ಕನ್ನಡದವರಿಗೇ ಬರುವ ತೊಡಕು

ಮೇಲಿನದೆಲ್ಲ ಇಂಗ್ಲಿಷ್ ಪುಸ್ತಕಗಳಲ್ಲೂ ಸಿಕ್ಕೀತು. ಇನ್ನು ಹೇಳುವುದು ನಮ್ಮದೇ ತಾಪತ್ರಯ.

ಮೊದಲನೆಯದು ಹಳೆಯ ಫಾಂಟು. ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಹಿಂದೆ ಟೈಪು ಮಾಡಿದ ಕಡತಗಳು ಇಂದಿಗೂ ನಮ್ಮ ಕೈಸೇರುತ್ತವೆ. ಅವುಗಳಲ್ಲಿ ಅನೇಕವು ಯೂನಿಕೋಡಿನವಲ್ಲ. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟು ಅದರ ಮೇಲೆ ಕನ್ನಡದ ವೇಷ ತೊಡಿಸಿರುತ್ತದೆ. ಅಂಥ ಸಾಲಿಗೆ ಹೆಡಿಂಗ್ 1 ಕೊಟ್ಟೊಡನೆ ಸ್ಟೈಲು ತನ್ನ ಫಾಂಟನ್ನು ಹಚ್ಚುತ್ತದೆ, ವೇಷ ಕಳಚಿ ಬೀಳುತ್ತದೆ. "ಅಯ್ಯೋ ಮಾರಾಯ್ರೆ, ನನ್ನ ಹೆಡಿಂಗು ಎಲ್ಲಿ ಹೋಯ್ತು?" ಎಂಬ ಕೂಗು ಕೇಳುವುದು ಆಗಲೇ. ಫಾಂಟು ಮತ್ತೆ ಹಚ್ಚಿದರೆ ಪುಟದ ಮೇಲೆ ಸರಿಯಾದಂತೆ ಕಾಣುತ್ತದೆ, ಆದರೆ ನ್ಯಾವಿಗೇಷನ್ ಪೇನ್‌ನಲ್ಲಿ ಗೀಚಿದ ಹಾಗೇ ಉಳಿಯುತ್ತದೆ. ಮದ್ದು ಒಂದೇ: ಮೊದಲು ಇಡೀ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿ. ಪರಿವರ್ತಿಸುವ ಸಾಧನ ನುಡಿ, ಬರಹ ಎರಡರಲ್ಲೂ ಇದೆ. ಪರಿವರ್ತಿಸಿದ ಮೇಲೆ ಒಮ್ಮೆ ಓದಿ, ಒತ್ತಕ್ಷರಗಳ ಮೇಲೆ ಕಣ್ಣಿಡಿ. ನಂಬರಿಂಗ್ ಆಮೇಲೆ.

ಎರಡನೆಯದು ಎರಡು ಅಳತೆ. ವರ್ಡೂ ಲಿಬ್ರೆ ಆಫೀಸೂ ಒಂದೇ ಸ್ಟೈಲಿನೊಳಗೆ ಎರಡು ಫಾಂಟು ಇಟ್ಟುಕೊಂಡಿರುತ್ತವೆ, ಇಂಗ್ಲಿಷ್ ಲಿಪಿಗೆ ಒಂದು, ಕನ್ನಡದಂಥ ಲಿಪಿಗಳಿಗೆ ಇನ್ನೊಂದು. ವರ್ಡಿನಲ್ಲಿ ಇದಕ್ಕೆ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎಂದು ಹೆಸರು, ಲಿಬ್ರೆ ಆಫೀಸಿನಲ್ಲಿ 'ಸಿಟಿಎಲ್'. ತಲೆಬರಹದ ಮಾತು ಕನ್ನಡ, ಆದ್ದರಿಂದ ಅದು ಎರಡನೆಯದನ್ನು ಹಿಡಿಯುತ್ತದೆ. 1, 2 ಎಂಬ ಅಂಕಿಗಳು ಮೊದಲನೆಯದನ್ನು. ಒಂದನ್ನು ಮಾತ್ರ ಬದಲಾಯಿಸಿದರೆ ನಂಬರು ಆನೆಯಷ್ಟು, ಅಕ್ಷರ ಇರುವೆಯಷ್ಟು. ನಂಬರನ್ನು ಹಿಡಿದು ಎಳೆದಾಡಬೇಡಿ. ಸ್ಟೈಲಿನ ಮೇಲೆ ಬಲಗುಂಡಿ ಒತ್ತಿ 'ಮಾಡಿಫೈ' ತೆರೆದು, ಎರಡೂ ಕಡೆ ಅಳತೆ ಸರಿಮಾಡಿ. ಒಂದು ಸಲ ಮಾಡಿದರೆ ಎಲ್ಲ ಅಧ್ಯಾಯಕ್ಕೂ ಆಯಿತು.

ಮೂರನೆಯದು ತೊಡಕಲ್ಲ, ನಮ್ಮ ಭಾಷೆ ನಮಗೆ ಮಾಡಿದ ಉಪಕಾರ. "1ನೆಯ ಅಧ್ಯಾಯ" ಎಂದು ಬರಬೇಕೆ? ಬೂದುಬಣ್ಣದ ಅಂಕಿಯ ಮುಂದೆ "ನೆಯ ಅಧ್ಯಾಯ" ಎಂದು ಸೇರಿಸಿ. 1ನೆಯ, 2ನೆಯ, 3ನೆಯ, 11ನೆಯ, ಎಲ್ಲಕ್ಕೂ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಫಸ್ಟಿಗೊಂದು, ಸೆಕೆಂಡಿಗೊಂದು, ಥರ್ಡಿಗೊಂದು ಬಾಲ ಬೇಕು. ನಮಗೆ ಆ ಗೋಜಿಲ್ಲ. "ಅಧ್ಯಾಯ 1" ಬೇಕಾದವರು ಅಂಕಿಯ ಹಿಂದೆ "ಅಧ್ಯಾಯ" ಸೇರಿಸಿ. ಎರಡನೆಯ ಹಂತ ಆ ಪದವನ್ನು ಹೊತ್ತುಕೊಳ್ಳುವುದಿಲ್ಲ, ಅಂಕಿಯನ್ನು ಮಾತ್ರ ತೆಗೆದುಕೊಂಡು 1.1 ಎಂದೇ ಬರುತ್ತದೆ.

ನಾಲ್ಕನೆಯದು ಮುನ್ನುಡಿ, ಕೃತಜ್ಞತೆ, ಗ್ರಂಥಋಣಗಳ ಪ್ರಶ್ನೆ. ಇವು ಪರಿವಿಡಿಯಲ್ಲಿ ಬರಬೇಕು, ಆದರೆ ಇವಕ್ಕೆ ನಂಬರು ಬೇಡ. ಇವಕ್ಕೂ ಹೆಡಿಂಗ್ 1 ಕೊಟ್ಟರೆ ಕೃತಜ್ಞತೆಯೇ ಮೊದಲ ಅಧ್ಯಾಯವಾಗಿ ಕೂರುತ್ತದೆ! ಹೆಡಿಂಗ್ 1ನ್ನೇ ಆಧಾರವಾಗಿ ಇಟ್ಟು ಹೊಸ ಸ್ಟೈಲೊಂದನ್ನು ಮಾಡಿ, ಅದಕ್ಕೆ ನಂಬರು ತೆಗೆದುಹಾಕಿ, 'ಔಟ್‌ಲೈನ್ ಲೆವೆಲ್' ಮಾತ್ರ 1 ಇರಲಿ. ಪರಿವಿಡಿಗೆ ಅಷ್ಟು ಸಾಕು.

5. "3.2ರಲ್ಲಿ ನೋಡಿದ"

ಇಷ್ಟು ಮಾಡಿದರೂ ಗೆಳತಿಯ ಕಷ್ಟ ಪೂರ್ತಿ ತೀರಲಿಲ್ಲ ಎಂಬುದನ್ನು ಗಮನಿಸಿ. ತಲೆಬರಹದ ನಂಬರು ತಾನಾಗಿ ಬದಲಾಗುತ್ತದೆ, ಆದರೆ ಮಾತಿನ ನಡುವೆ ಕೈಯಿಂದ ಬರೆದ "3.2" ಹಾಗೇ ಇರುತ್ತದೆ. ಅಲ್ಲೂ ಯಂತ್ರವೇ ನಂಬರು ಬರೆಯಬೇಕು. ಇದನ್ನು 'ಕ್ರಾಸ್ ರೆಫರೆನ್ಸ್' ಎನ್ನುತ್ತಾರೆ, ನಾವು ಅಡ್ಡಸೂಚನೆ ಎನ್ನೋಣ.

ವರ್ಡಿನಲ್ಲಿ 'ರೆಫರೆನ್ಸಸ್' ಪಟ್ಟಿಯ 'ಕ್ರಾಸ್ ರೆಫರೆನ್ಸ್' ತೆರೆದು, ಬಗೆ 'ಹೆಡಿಂಗ್' ಎಂದೂ ಸೇರಿಸಬೇಕಾದದ್ದು 'ಹೆಡಿಂಗ್ ನಂಬರ್' ಎಂದೂ ಆರಿಸಿ, ಬೇಕಾದ ತಲೆಬರಹದ ಮೇಲೆ ಒತ್ತಿ. ಲಿಬ್ರೆ ಆಫೀಸಿನಲ್ಲಿ 'ಇನ್ಸರ್ಟ್' ಪಟ್ಟಿಯ 'ಕ್ರಾಸ್ ರೆಫರೆನ್ಸ್', ಅಲ್ಲಿ 'ಹೆಡಿಂಗ್ಸ್', ಮತ್ತೆ 'ನಂಬರ್'. ಪುಟದಲ್ಲಿ 3.2 ಬಂದು ಕೂರುತ್ತದೆ. ನೋಡಲು ಬರಿ ಅಂಕಿ, ಒಳಗೆ ಮಾತ್ರ ಅದು 'ಶಿಕಾರಿ' ಎಂಬ ತಲೆಬರಹದ ಕಡೆಗೆ ಬೆರಳು ಚಾಚಿ ನಿಂತಿದೆ. 'ಶಿಕಾರಿ' 4.2 ಆದರೆ ಇದೂ 4.2 ಆಗುತ್ತದೆ.

ಇಲ್ಲಿಯೂ ಕನ್ನಡ ನಮ್ಮ ಕೈ ಹಿಡಿಯುತ್ತದೆ. ನಾವು ಅಂಕಿಗೆ ವಿಭಕ್ತಿ ಪ್ರತ್ಯಯ ಹಚ್ಚುತ್ತೇವೆ. ಅಂಕಿ ಬದಲಾದರೆ ಪ್ರತ್ಯಯವೂ ಬದಲಾಗಬೇಕೇ? ಸಪ್ತಮಿಯನ್ನು ಹೇಳಿ ನೋಡಿ: ಒಂದರಲ್ಲಿ, ಎರಡರಲ್ಲಿ, ಮೂರರಲ್ಲಿ, ನಾಲ್ಕರಲ್ಲಿ, ಹತ್ತರಲ್ಲಿ. "ರಲ್ಲಿ" ಎಲ್ಲಕ್ಕೂ ಹೊಂದುತ್ತದೆ. ಆದ್ದರಿಂದ ಅಡ್ಡಸೂಚನೆಯ ಬೆನ್ನಿಗೇ "ರಲ್ಲಿ" ಎಂದು ಟೈಪು ಮಾಡಿ, ನಿಶ್ಚಿಂತೆಯಿಂದಿರಿ. ಒಂದೇ ಎಚ್ಚರಿಕೆ. ಪ್ರತ್ಯಯ ಬೂದುಬಣ್ಣದ ಪಟ್ಟಿಯ ಹೊರಗಿರಬೇಕು. ಒಳಗೆ ಬರೆದರೆ ಯಂತ್ರ ನಂಬರನ್ನು ಹೊಸದು ಮಾಡುವಾಗ ಅದನ್ನೂ ಒರೆಸಿಹಾಕುತ್ತದೆ.

ಹೊಸದು ಮಾಡುವುದು ಎಂದೆನಲ್ಲ, ಅದನ್ನು ಮರೆಯಬಾರದು. ತಲೆಬರಹದ ನಂಬರು ಆಗಿಂದಾಗ ಬದಲಾಗುತ್ತದೆ, ಅಡ್ಡಸೂಚನೆಯೂ ಪರಿವಿಡಿಯೂ ವರ್ಡಿನಲ್ಲಿ ಹೇಳುವ ತನಕ ಬದಲಾಗುವುದಿಲ್ಲ. ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲವನ್ನೂ ಆರಿಸಿ, ಎಫ್9 ಒತ್ತಿ. ಲಿಬ್ರೆ ಆಫೀಸಿನಲ್ಲಿ 'ಟೂಲ್ಸ್', 'ಅಪ್‌ಡೇಟ್', 'ಅಪ್‌ಡೇಟ್ ಆಲ್'. ಛಾಪಿಸುವ ಮುಂಚೆ ಇದು ಕಡ್ಡಾಯ. ಆಗ ಎಲ್ಲಾದರೂ "ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್" ಎಂದು ಕಂಡರೆ ಗಾಬರಿಯಾಗಬೇಡಿ. ನೀವು ಬೆರಳು ತೋರಿಸಿದ ತಲೆಬರಹವನ್ನು ಅಳಿಸಿದ್ದೀರಿ ಎಂದರ್ಥ. ಕೈಯಿಂದ ಬರೆದ ನಂಬರು ಇಂಥ ಹೊತ್ತಿನಲ್ಲಿ ಸುಮ್ಮನೆ ಸುಳ್ಳು ಹೇಳುತ್ತದೆ, ಇದು ಕೂಗಿ ಹೇಳುತ್ತದೆ. ಕೂಗುವ ತಪ್ಪೇ ವಾಸಿ.

6. ದಾದರಿನ ಪ್ಲಾಟ್‌ಫಾರ್ಮು, ಸಂವಿಧಾನದ 350ಎ

ಇನ್ನೊಂದು ಮಾತಿದೆ. ಯಂತ್ರ ಎಷ್ಟು ಸಲ ಬೇಕಾದರೂ ಎಣಿಸಿಕೊಡುತ್ತದೆ ಎಂದು ನಾವು ಕೊನೆಯವರೆಗೂ ಎಣಿಸುತ್ತಲೇ ಇರಬಹುದೇ?

ಠಾಣೆಯಿಂದ ಲೋಕಲ್ ಹಿಡಿಯುವವರಿಗೆ ದಾದರ್ ಗೊತ್ತು. ಅಲ್ಲಿ ಮಧ್ಯ ರೈಲ್ವೆಗೂ ಪಶ್ಚಿಮ ರೈಲ್ವೆಗೂ ಬೇರೆ ಬೇರೆ ಎಣಿಕೆ ಇತ್ತು, ಎರಡೂ ಕಡೆ 1ರಿಂದ. "ಒಂದನೇ ಪ್ಲಾಟ್‌ಫಾರ್ಮಿಗೆ ಬಾ" ಎಂದರೆ ಯಾವ ಒಂದು ಎಂದು ಕೇಳಬೇಕಾಗಿತ್ತು. ಪರ್ವ ಹೇಳದೆ ಪದ್ಯದ ನಂಬರು ಹೇಳಿದ ಹಾಗೆ! 2023ರ ಡಿಸೆಂಬರ್ 9ರಿಂದ ಪಶ್ಚಿಮ ರೈಲ್ವೆಯ 1ರಿಂದ 7ನ್ನು ಹಾಗೇ ಬಿಟ್ಟು, ಮಧ್ಯ ರೈಲ್ವೆಯವನ್ನು 8ರಿಂದ 14 ಎಂದು ಮಾಡಿದರು. ಮಧ್ಯದ ಹಳೆಯ 1 ಈಗ 8. ಹಳೆಯ 2 ಇಲ್ಲವೇ ಇಲ್ಲ, 1ನ್ನು ಅಗಲ ಮಾಡುವಾಗ ಅದನ್ನು ತೆಗೆದಿದ್ದರು. ಹಳೆಯ 3 ಈಗ 9. ಕಾಗದದ ಮೇಲೆ ಇದು ಸರಿಯಾದ ಲೆಕ್ಕ, ಅಗತ್ಯವೂ ಆಗಿತ್ತು. ಆದರೆ ಹಲಗೆಗಳನ್ನೆಲ್ಲ ಬದಲಾಯಿಸಬೇಕಾಯಿತು, ಘೋಷಣೆಗಳನ್ನು ಬದಲಾಯಿಸಬೇಕಾಯಿತು. ಜನರ ಕಾಲಿನ ಅಭ್ಯಾಸಕ್ಕೆ ಮಾತ್ರ ಎಫ್9 ಇರಲಿಲ್ಲ.

ಇದಕ್ಕೆ ಎದುರಾದ ಉದಾಹರಣೆ ನಮ್ಮ ಸಂವಿಧಾನದಲ್ಲಿದೆ. 1956ರ ಏಳನೆಯ ತಿದ್ದುಪಡಿಯಲ್ಲಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸುವ ಅನುಚ್ಛೇದವೊಂದನ್ನು ಸೇರಿಸಿದರು. ಮಹಾರಾಷ್ಟ್ರದಲ್ಲಿರುವ ನಮ್ಮಂಥ ಕನ್ನಡಿಗರಿಗೆ ನೇರವಾಗಿ ಸಂಬಂಧಪಟ್ಟದ್ದು ಅದು. ಅದರ ಸ್ಥಾನ 350 ಮತ್ತು 351ರ ನಡುವೆ. ಯಂತ್ರದ ಕ್ರಮದಂತೆ ಆಗಿದ್ದರೆ ಅದು 351 ಆಗಿ, ಹಿಂದಿಯ ಬೆಳವಣಿಗೆಯನ್ನು ಕುರಿತ 351 ಮುಂದಕ್ಕೆ ಸರಿಯಬೇಕಿತ್ತು. ಹಾಗೆ ಮಾಡಲಿಲ್ಲ. ಹೊಸದಕ್ಕೆ 350ಎ ಎಂದೂ, ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯನ್ನು ಕುರಿತ ಇನ್ನೊಂದಕ್ಕೆ 350ಬಿ ಎಂದೂ ಹೆಸರಿಟ್ಟರು. ಏಕೆಂದರೆ 351 ಎಂಬುದು ಆಗಲೇ ತೀರ್ಪುಗಳಿಗೆ, ಪುಸ್ತಕಗಳಿಗೆ, ಅರ್ಜಿಗಳಿಗೆ ವಿಳಾಸವಾಗಿತ್ತು. ಆ ಎ, ಬಿ ಅಕ್ಷರಗಳು ನೋಡಲು ಅಂದವಾಗಿಲ್ಲದಿರಬಹುದು, ಆದರೆ ಅವು ಹಳೆಯ ವಿಳಾಸ ಕೆಡಿಸದೆ ಹೊಸಬರಿಗೆ ಜಾಗ ಕೊಟ್ಟಿವೆ.

ನಮ್ಮ ಪ್ರಬಂಧಕ್ಕೂ ಇದೇ ನ್ಯಾಯ. ಕರಡು ನಿಮ್ಮ ಕೈಯಲ್ಲಿರುವ ತನಕ ಎಷ್ಟು ಅಧ್ಯಾಯ ಸೇರಿಸಿ, ಎಷ್ಟು ತೆಗೆಯಿರಿ, ಯಂತ್ರ ಎಣಿಸಲಿ. ಪರೀಕ್ಷಕರಿಗೆ ಒಪ್ಪಿಸಿದ ದಿನ ಪಿಡಿಎಫ್ ಮಾಡಿ ಎತ್ತಿಡಿ. ಅಂದಿನಿಂದ ಅದರ 4.2 ಯಾವಾಗಲೂ 4.2. ನಾಳೆ ಇನ್ನೊಬ್ಬ ವಿದ್ಯಾರ್ಥಿ ನಿಮ್ಮ ಪ್ರಬಂಧದ 4.2ನ್ನು ತನ್ನ ಅಡಿಟಿಪ್ಪಣಿಯಲ್ಲಿ ಹೆಸರಿಸಿಯಾನು. ಮುಂದೆ ಅದು ಪುಸ್ತಕವಾಗಿ ನಂಬರು ಬದಲಾದರೆ ಎರಡನೆಯ ಆವೃತ್ತಿ ಎಂದು ಸ್ಪಷ್ಟವಾಗಿ ಬರೆಯಿರಿ.

7. ಯಾವಾಗ ಮಾಡಬೇಕು

ಮೊದಲ ದಿನವೇ. ಖಾಲಿ ಕಡತ ತೆರೆದಾಗಲೇ ಮೂರು ಹಂತಕ್ಕೆ ಗಂಟು ಹಾಕಿ, ಕನ್ನಡದ ಫಾಂಟು ಮತ್ತು ಅಳತೆ ಸರಿಮಾಡಿ, ನಂಬರಿಲ್ಲದ ತಲೆಬರಹಕ್ಕೊಂದು ಸ್ಟೈಲು ಮಾಡಿ ಇಟ್ಟುಕೊಂಡರೆ ಆಮೇಲೆ ಇಡೀ ವರ್ಷ ಅದರ ಯೋಚನೆ ಬೇಡ. ಅರ್ಧ ಗಂಟೆಯ ಕೆಲಸ. ತೊಂಬತ್ತನೆಯ ಪುಟದಲ್ಲಿ ನೆನಪಾದರೂ ಮಾಡಬಹುದು, ಆದರೆ ಆಗ ಅದು ಅರ್ಧ ದಿನದ ಕೆಲಸ. ಪಿ.ಜಿ.ಯ ಅಕ್ಕಂದಿರೂ ಅಣ್ಣಂದಿರೂ ಒಂದು ಮಾದರಿ ಕಡತ ಮಾಡಿಟ್ಟು ಕಿರಿಯರಿಗೆ ದಾಟಿಸಿದರೆ ಇನ್ನೂ ಒಳ್ಳೆಯದು. ನೋಟ್ಸು ದಾಟಿಸುವುದಿಲ್ಲವೇ, ಹಾಗೆ.

ಗೆಳತಿ ಪಾಸಾದಳು ಎಂದು ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಚಿಂತೆ ಮಾಡೀರಿ. ಪರೀಕ್ಷಕರ ಉಳಿದ ಪ್ರಶ್ನೆಗಳಿಗೆಲ್ಲ ಆಕೆ ಪುಸ್ತಕ ತೆರೆಯದೆಯೇ ಉತ್ತರ ಕೊಟ್ಟಳು. ಆದರೆ ಆ ಮೊದಲ ಪ್ರಶ್ನೆಗೆ, "ನಾನೇ ಬರೆದದ್ದು ಸರ್" ಎಂದು ಹೇಳಿ ನಂಬಿಸಬೇಕಾಗಿ ಬಂದದ್ದು ಆಕೆಗೆ ಇಂದಿಗೂ ಚುಚ್ಚುತ್ತದೆ. ವರ್ಷವಿಡೀ ಓದಿ ಬರೆದವರಿಗೆ ಆ ಪ್ರಶ್ನೆ ಬರಬಾರದು. ನಾಗಪ್ಪನ ಒಂಟಿತನವನ್ನು ಬಗೆದು ನೋಡುವುದು ನಮ್ಮ ಕೆಲಸ, ಅವನು ಎಷ್ಟನೆಯ ಅಧ್ಯಾಯದಲ್ಲಿದ್ದಾನೆ ಎಂದು ಎಣಿಸುವುದು ಯಂತ್ರದ್ದು.